ದೊಡ್ಡದು ಮಾಡಿ ಎಂದ ಶಿವಗಂಗಮ್ಮ

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ನಡಾವಳಿಯಲ್ಲಿ ಹೀಗೊಂದು ಸಾಲು ಇದೆ: ‘ಶಿವಗಂಗಮ್ಮ ಎಂಬ ಹೆಂಗಸು ಬೆಂಕಿಯನ್ನು ದೊಡ್ಡದು ಮಾಡುವಂತೆ ಹುಡುಗರಿಗೆ ಕುಮ್ಮಕ್ಕು ಕೊಟ್ಟಿದ್ದು ಕಂಡುಬಂದಿರುತ್ತದೆ.’ ಬರೆದು ವರ್ಷವಾಗುತ್ತ ಬಂತು. ಅದನ್ನು ಹೊಡೆದು ಹಾಕಿ ಎಂದು ಕೇಳಲು ಹೋದರೆ, ಒಮ್ಮೆ ಬರೆದದ್ದನ್ನು ಹಾಗೆಲ್ಲ ತಿದ್ದುವುದಕ್ಕೆ ಬರುವುದಿಲ್ಲಮ್ಮ ಎಂದು ಸಮಾಧಾನ ಹೇಳಿ ಕಳಿಸಿದರು. ಹಾಗಾದರೆ ನಾನೂ ಬರೆದಿಡುತ್ತೇನೆ. ಇದನ್ನೂ ಯಾರೂ ತಿದ್ದದಿರಲಿ.

ನಮ್ಮ ಮನೆ ಇರುವುದು ಮಾಗಡಿ ರಸ್ತೆಯಿಂದ ಒಳಕ್ಕೆ, ಬಡಾವಣೆಯ ಕೊನೆಯ ಸಾಲಿನಲ್ಲಿ. ಮುಂದಿನ ಮಣ್ಣಿನ ರಸ್ತೆ ದಾಟಿದರೆ ಶ್ರೀಗಂಧದ ಕಾವಲಿನ ಕಡೆಗೆ ಹಬ್ಬಿಕೊಂಡ ಬಯಲು. ಹೆಸರಿಗೆ ಶ್ರೀಗಂಧ. ಇರುವುದು ತಂಗಡಿ ಗಿಡ, ಲಾಂಟಾನ, ಮುಳ್ಳು, ಮತ್ತೆ ಎದೆಯೆತ್ತರದ ಹುಲ್ಲು. ಸಂಕ್ರಾಂತಿ ಕಳೆಯುತ್ತಲೇ ಹುಲ್ಲು ಹಳದಿಯಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಗಾಳಿ ಬೀಸಿದರೆ ಹಪ್ಪಳ ಮುರಿದಂತೆ ಸದ್ದು ಮಾಡುತ್ತದೆ. ಆಮೇಲೆ ಯಾವತ್ತೋ ಒಂದು ದಿನ ಅದು ಹೊತ್ತಿಕೊಳ್ಳುತ್ತದೆ. ದನ ಕಾಯುವವರು ಹೊಸ ಚಿಗುರು ಬರಲೆಂದು ಹಚ್ಚುತ್ತಾರೆ ಎಂದು ಕೆಲವರು ಹೇಳುತ್ತಾರೆ, ಯಾರೋ ಎಸೆದ ಬೀಡಿ ಎಂದು ಇನ್ನು ಕೆಲವರು. ಸೈಟು ತೋರಿಸುವ ದಲ್ಲಾಳಿಗಳಿಗೆ ನೆಲ ಬೋಳಾಗಿ ಕಂಡರೆ ಅನುಕೂಲ ಎನ್ನುವವರೂ ಇದ್ದಾರೆ. ಹಚ್ಚುವವರು ಯಾರೇ ಆಗಲಿ, ಹೊಗೆ ಕುಡಿಯುವವರು ನಾವು.

ಹಸುಗೂಸು ಇಟ್ಟುಕೊಂಡು ಇಂಥ ಕಡೆ ಬಾಳುವುದಕ್ಕೆ ಅದರದೇ ಆದ ಪದ್ಧತಿಗಳು ಬೇಕು. ಶಿವರಾತ್ರಿಯಿಂದ ಮೊದಲ ಮಳೆಯವರೆಗೆ ಬಟ್ಟೆ ಒಣಹಾಕುವುದು ಹಿತ್ತಿಲಲ್ಲೇ. ಮುಂದೆ ಹಾಕಿದರೆ ಮಗಳು ಪುಟ್ಟಿಯ ಬಿಳಿ ಲಂಗೋಟಿಗಳ ಮೇಲೆ ಕರಿ ಉದುರುತ್ತದೆ. ಸೀಮೆಎಣ್ಣೆ ಡಬ್ಬ ಹಿಂದಿನ ಕೋಣೆಗೆ. ನಲ್ಲಿ ನೀರು ಬಂದಾಗ ಮೊದಲು ತುಂಬುವುದು ಅಡುಗೆಯ ಕೊಳಗವಲ್ಲ, ಬಾಗಿಲ ಬಳಿಯ ಡ್ರಮ್ಮು. ಮನೆಪತ್ರ, ಮಗುವಿನ ಸ್ವೆಟರು, ಗ್ರೈಪ್ ವಾಟರ್ ಬಾಟಲಿ, ಇಷ್ಟನ್ನು ಒಂದು ಟ್ರಂಕಿಗೆ ಹಾಕಿ ಹಿತ್ತಿಲ ಬಾಗಿಲಿಗೆ ತಾಗಿಸಿ ಇಡುತ್ತೇನೆ. ನಮ್ಮವರು ನಗುತ್ತಾರೆ. ಇನ್ನೆರಡು ವರ್ಷ ಕಣೇ, ಆ ಕಡೆಯೆಲ್ಲ ಮನೆಗಳು ಬಂದುಬಿಟ್ಟರೆ ಹುಲ್ಲೇ ಇರುವುದಿಲ್ಲ ಎನ್ನುತ್ತಾರೆ. ಎರಡು ವರ್ಷ ಕೆಮ್ಮದೆ ಇರು ಎಂದು ಇಷ್ಟು ಸಣ್ಣ ಮಗುವಿಗೆ ಹೇಳುವವರು ಯಾರು?

ಶಿವಗಂಗಮ್ಮ ಇದ್ದದ್ದು ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ. ಸೈಟು ಪಂಚಾಕ್ಷರಿ ಎನ್ನುವವರದು. ಧಾರವಾಡದ ಕಡೆ ದೊಡ್ಡ ಅಧಿಕಾರದಲ್ಲಿದ್ದಾರೆ, ನಿವೃತ್ತಿಯಾದ ಮೇಲೆ ಬಂದು ಮನೆ ಕಟ್ಟುವ ಯೋಚನೆ. ಅಲ್ಲಿಯವರೆಗೆ ಸೈಟನ್ನು ಯಾರೂ ಒತ್ತುವರಿ ಮಾಡದಿರಲಿ ಎಂದು, ದೂರದ ಪರಿಚಯದ ಈ ಹೆಂಗಸಿಗೆ ಶೀಟಿನ ಒಂದು ಶೆಡ್ಡು ಹಾಕಿಕೊಟ್ಟಿದ್ದರು. ಸಂಬಳವಿಲ್ಲ, ಬಾಡಿಗೆಯೂ ಇಲ್ಲ.

ಅವರ ಊರು ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿ. ಮದುವೆಯಾಗಿ ದಾವಣಗೆರೆಗೆ ಬಂದರು. ಗಂಡ ರೇವಣಸಿದ್ದಪ್ಪ ಹತ್ತಿಯ ಮಿಲ್ಲಿನಲ್ಲಿದ್ದರು. ಎದೆಗೆ ಹತ್ತಿಯ ಧೂಳು ಸೇರಿ ಸೇರಿ ಕೆಮ್ಮುತ್ತಲೇ ಹೋದರು. ಮಕ್ಕಳಿರಲಿಲ್ಲ. ಮೈದುನನ ಮನೆಯಲ್ಲಿ ಒಂದು ಮಳೆಗಾಲ ಇದ್ದು, ಎರಡನೆಯದಕ್ಕೆ ಇರದೆ, ಬೆಂಗಳೂರಿನ ಬಸ್ಸು ಹತ್ತಿದರಂತೆ. ಈ ಭಾಗವನ್ನು ಅವರು ಯಾವತ್ತೂ ಉದ್ದಕ್ಕೆ ಹೇಳಿದವರಲ್ಲ. ಹೇಳುತ್ತಿದ್ದದ್ದೆಲ್ಲ ರೊಟ್ಟಿಯ ವಿಷಯ. ಇಲ್ಲಿಯ ಜೋಳಕ್ಕೆ ಜಿಗುಟು ಸಾಲದು, ಇಲ್ಲಿಯ ಸೌದೆ ಹೊಗೆ ಹೆಚ್ಚು, ಇಲ್ಲಿಯ ಜನ ರೊಟ್ಟಿಗೆ ಸಾರು ಹಚ್ಚಿಕೊಂಡು ತಿನ್ನುತ್ತಾರೆ, ಶಿವನೇ.

ಮೂರು ಕಲ್ಲಿನ ಒಲೆ, ಒಂದು ಹಂಚು, ಅಷ್ಟೇ ಅವರ ಬಂಡವಾಳ. ವಿಜಯನಗರದಿಂದ ನಮ್ಮ ಬಡಾವಣೆಯವರೆಗೆ ಬಾಡಿಗೆ ಕೋಣೆಗಳಲ್ಲಿರುವ ರಾಣೆಬೆನ್ನೂರು, ಧಾರವಾಡದ ಕಡೆಯ ಮೇಷ್ಟ್ರುಗಳು, ಬ್ಯಾಂಕಿನ ಹುಡುಗರು ಬೆಳಗ್ಗೆ ಡಬ್ಬಿ ತಂದಿಟ್ಟು ಸಂಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತುಂಬಿಸಿಕೊಂಡು ಹೋಗುತ್ತಿದ್ದರು. ಆ ಡಬ್ಬಿಗಳ ನಡುವೆ ನಮ್ಮ ಸಂಘದ ಕಾರ್ಯದರ್ಶಿ ಪದ್ಮನಾಭ ಅವರದೂ ಒಂದು ಇತ್ತು. ಅವರು ಆ ಕಡೆಯವರಲ್ಲ, ಮೈಸೂರಿನವರು. ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ಜೋಳ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಅವರ ಹೆಂಡತಿ ಅನಂತಲಕ್ಷ್ಮಿ ಎಷ್ಟು ತಟ್ಟಿದರೂ ರೊಟ್ಟಿ ಅಂಗೈಯಲ್ಲೇ ಹರಿಯುತ್ತಿತ್ತು.

ನನಗೆ ಶಿವಗಂಗಮ್ಮನ ಪರಿಚಯ ಸರಿಯಾಗಿ ಆದದ್ದು ಪುಟ್ಟಿ ಹುಟ್ಟಿದ ಮೇಲೆ. ತವರಿನಿಂದ ಬಂದ ಅಮ್ಮ ಹಿಂದಿರುಗಿದ ದಿನ ನಾನು ತೊಟ್ಟಿಲ ಪಕ್ಕ ಕುಳಿತು ಅಳುತ್ತಿದ್ದೆ. ಬೇಲಿಯ ಆಚೆಯಿಂದ ಕೇಳಿಸಿಕೊಂಡು ಬಂದರು. ಏನಾಯಿತು ಎಂದು ಕೇಳಲೂ ಇಲ್ಲ. ಮಗುವಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಸುತ್ತಿ ಮಲಗಿಸಿ, ನನ್ನ ಮುಂದೆ ಬಿಸಿ ರೊಟ್ಟಿ ಇಟ್ಟರು. ಅವತ್ತಿನಿಂದ ನಾನು ಅವರಿಗೆ ತಂಗಿ. ನನಗೆ ಅವರು ಅಕ್ಕ.

ಇನ್ನು ಆ ಮಾತಿನ ವಿಷಯ. ಒಂದು ಸಂಜೆ ಕರೆಂಟು ಹೋಗಿತ್ತು. ಕಂದೀಲು ಹಚ್ಚಿಟ್ಟು ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಕರೆಂಟು ಬಂತು. ಅವರ ಕೈ ತುಂಬ ಸಿಪ್ಪೆ.

“ತಂಗಿ, ಕಂದೀಲು ದೊಡ್ಡದು ಮಾಡವ್ವ,” ಎಂದರು.

ಲೈಟು ಬಂದ ಮೇಲೆ ಕಂದೀಲು ಯಾಕೆ ದೊಡ್ಡದು ಎಂದು ನನಗೆ ಅರ್ಥವಾಗಲಿಲ್ಲ. ಆದರೂ ಬತ್ತಿ ಏರಿಸಿದೆ.

“ಅಯ್ಯ, ಏನ್ ಮಾಡಾಕತ್ತೀ? ದೊಡ್ಡದು ಮಾಡು ಅಂದ್ನಿ.”

“ಮಾಡಿದ್ನಲ್ಲ ಅಕ್ಕ. ಇನ್ನೂ ಎಷ್ಟು ದೊಡ್ಡದು ಮಾಡ್ಲಿ? ಗಾಜು ಕಪ್ಪಾಗುತ್ತೆ.”

ಅವರು ಎದ್ದು ಬಂದು, ಬತ್ತಿ ಇಳಿಸಿ, ಗಾಜಿನ ಮೇಲೆ ಅಂಗೈ ಅಡ್ಡ ಹಿಡಿದು ಉಫ್ ಎಂದರು. ಆಮೇಲೆ ನನ್ನ ಮುಖ ನೋಡಿ, ಅವರೆಕಾಯಿ ಚೆಲ್ಲುವ ಹಾಗೆ ನಕ್ಕರು. ಅವರ ಕಡೆ ದೀಪಕ್ಕೆ ಆ ಇನ್ನೊಂದು ಮಾತು ಆಡುವುದಿಲ್ಲವಂತೆ. ಯಾವ ಮಾತು ಎಂದರೆ ಅದನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಅಂದುಬಿಟ್ಟು ಅಜ್ಜಿಯ ಕೈಯಲ್ಲಿ ಬಾಯಿ ಮೇಲೆ ಏಟು ತಿಂದಿದ್ದರಂತೆ. ಅದು ‘ಆರಿಸು’ ಎಂಬ ಮಾತು ಎಂದು ನಾನೇ ಊಹಿಸಿಕೊಂಡೆ. ನಮ್ಮ ತುಮಕೂರಿನ ಮನೆಯಲ್ಲೂ ದೇವರ ದೀಪವನ್ನು ಶಾಂತ ಮಾಡು ಎನ್ನುತ್ತಾರೆ. ಆದರೆ ಕಂದೀಲಿಗೆ, ಒಲೆಗೆ ಅಷ್ಟೆಲ್ಲ ಮರ್ಯಾದೆ ಇಲ್ಲ. ಶಿವಗಂಗಮ್ಮನಿಗೆ ಎಲ್ಲ ಬೆಂಕಿಯೂ ಒಂದೇ. ದೀಪ, ಒಲೆ, ಕೊನೆಗೆ ಹಾಲಿನ ಮುನಿರಾಜುವಿನ ಬೀಡಿ ಕೂಡ. ಬೀಡಿ ದೊಡ್ಡದು ಮಾಡಿ ಹಾಲು ಅಳೆಯಪ್ಪ ಎಂದಾಗ, ಪಾಪ ಅವನು ಇದ್ದ ಬೀಡಿಯನ್ನೂ ಗಾಬರಿಯಿಂದ ಎಸೆದಿದ್ದ.

ಕಳೆದ ವರ್ಷ, ಅಂದರೆ ಎಪ್ಪತ್ತೆಂಟರ ಶಿವರಾತ್ರಿಯ ನಂತರ ಸಂಘದವರು ಸಭೆ ಸೇರಿದರು. ಹುಲ್ಲಿನಲ್ಲಿ ಹಾವು ಹೆಚ್ಚಾಗಿದೆ, ಬೆಂಕಿಯ ಭಯ ಬೇರೆ. ಯಾರೋ ಬಂದು ಹಚ್ಚುವ ಮೊದಲು ರಸ್ತೆಯ ಪಕ್ಕದ ಒಂದು ಪಟ್ಟಿ ಹುಲ್ಲನ್ನು ನಾವೇ ಸುಟ್ಟು ಬಯಲು ಮಾಡಿಬಿಟ್ಟರೆ, ದೊಡ್ಡ ಬೆಂಕಿ ಬಂದಾಗ ಅಲ್ಲಿಗೇ ನಿಲ್ಲುತ್ತದೆ ಎಂದು ತೀರ್ಮಾನವಾಯಿತು. ತೀರ್ಮಾನ ತಪ್ಪು ಎಂದು ನಾನು ಹೇಳುವುದಿಲ್ಲ. ಪದ್ಮನಾಭ ಅವರು ಬಡಾವಣೆಗಾಗಿ ಓಡಾಡುವವರೇ. ನಲ್ಲಿ ಬಂದದ್ದು, ಬಸ್ಸು ಬಂದದ್ದು ಅವರಿಂದ. ಆದರೆ ಬೆಂಕಿ ಹಚ್ಚುವುದೂ ನಲ್ಲಿಗೆ ಅರ್ಜಿ ಕೊಡುವುದೂ ಒಂದೇ ಅಲ್ಲ. ಭಾನುವಾರ ಬೆಳಗ್ಗೆ ಬರಬೇಕಿದ್ದ ಇಬ್ಬರು ಕೂಲಿಯವರು ಬಂದದ್ದು ಊಟದ ಹೊತ್ತಿಗೆ. ಬಿಸಿಲು ನೆತ್ತಿಯ ಮೇಲೆ. ನಾಳೆ ಮಾಡೋಣ ಎಂದು ಯಾರಾದರೂ ಹೇಳಬಹುದಿತ್ತು. ಯಾರೂ ಹೇಳಲಿಲ್ಲ. ಹಚ್ಚಿದರು. ಪದ್ಮನಾಭ ಸ್ವಲ್ಪ ಹೊತ್ತು ಕೊಡೆ ಹಿಡಿದು ನಿಂತಿದ್ದು, ಊಟಕ್ಕೆ ಹೋದರು. ಕೂಲಿಯವರು ಟೀ ಕುಡಿಯಲು ಮಾಗಡಿ ರಸ್ತೆಗೆ ಹೋದರು.

ಅಷ್ಟರಲ್ಲಿ ಗಾಳಿ ತಿರುಗಿತು.

ನಾನು ಹಿತ್ತಿಲಲ್ಲಿ ಪುಟ್ಟಿಯ ಬಟ್ಟೆ ನೆನೆಹಾಕುತ್ತಿದ್ದೆ. ಮೊದಲು ಸದ್ದು ಕೇಳಿಸಿತು, ಒಗ್ಗರಣೆಗೆ ಒಮ್ಮೆಲೇ ಸೇರುಗಟ್ಟಲೆ ಸಾಸಿವೆ ಹಾಕಿದ ಹಾಗೆ. ಮುಂದೆ ಓಡಿ ಬಂದು ನೋಡಿದರೆ ರಸ್ತೆಯ ಅಂಚಿನ ಲಾಂಟಾನ ಹೊತ್ತಿ, ಕಿಡಿಗಳು ರಸ್ತೆ ಹಾರಿ, ಪಂಚಾಕ್ಷರಿಯವರ ಸೈಟಿನ ಒಣಹುಲ್ಲಿಗೆ ಬಿದ್ದಿದ್ದವು. ಶಿವಗಂಗಮ್ಮನ ಸೌದೆಯ ಗುಡ್ಡೆಗೂ ನಮ್ಮ ಬೇಲಿಗೂ ನಡುವೆ ಉರಿ. ನಮ್ಮವರು ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಹಿಂದಿನ ರಸ್ತೆಗೆ ಓಡಿದರು.

ಶಿವಗಂಗಮ್ಮ ಎಲ್ಲಿಯೂ ಓಡಲಿಲ್ಲ. ತಂಗಡಿಯ ಹಸಿ ಕೊಂಬೆ ಮುರಿದುಕೊಂಡು ಉರಿಯ ಎದುರು ನಿಂತು ಬಡಿಯುತ್ತಿದ್ದರು. ಭಾನುವಾರವಾದ್ದರಿಂದ ಬ್ಯಾಂಕಿನ ಹುಡುಗರು ಕೋಣೆಯಲ್ಲೇ ಇದ್ದರು. ಲುಂಗಿ ಎತ್ತಿ ಕಟ್ಟಿಕೊಂಡು ಬಂದರು. ನಾನು ನೆನೆಹಾಕಿದ ಬಟ್ಟೆಯ ಬಕೆಟ್ಟನ್ನೇ ಎತ್ತಿಕೊಂಡು ಹೋದೆ. ಒದ್ದೆ ಲಂಗೋಟಿ, ಒದ್ದೆ ಸೀರೆಯ ತುಂಡು, ಕೈಗೆ ಸಿಕ್ಕಿದ್ದರಿಂದ ಬಡಿದೆವು. ಆ ಹೊಗೆಯ ಒಳಗಿನಿಂದ ಶಿವಗಂಗಮ್ಮನ ಧ್ವನಿ ಇಡೀ ಸಾಲಿಗೆ ಕೇಳಿಸುತ್ತಿತ್ತು.

“ದೊಡ್ಡದು ಮಾಡ್ರೋ! ಆ ಕಡಿಂದ ದೊಡ್ಡದು ಮಾಡ್ರೋ, ಕೂಸಿರೋ ಮನಿ ಐತಿ!”

ಹುಡುಗರಿಗೆ ಅರ್ಥವಾಯಿತು. ನನಗೂ ಅರ್ಥವಾಯಿತು. ಆ ಕಡೆಯಿಂದ ಬಡಿದೆವು, ಡ್ರಮ್ಮಿನ ನೀರನ್ನೆಲ್ಲ ಸುರಿದೆವು. ನಮ್ಮ ಬೇಲಿ ಹೋಯಿತು, ಮನೆ ಉಳಿಯಿತು. ಅವರ ಸೌದೆ, ಒಂದು ಮೂಟೆ ಜೋಳ, ಶೆಡ್ಡಿನ ಒಂದು ಬದಿಯ ತಟ್ಟಿಗೋಡೆ ಹೋದವು. ಬಲಗೈ ಮುಂಗೈಯವರೆಗೆ ಬೊಬ್ಬೆ. ರೊಟ್ಟಿ ತಟ್ಟುವ ಕೈ ಅದು.

ಅಗ್ನಿಶಾಮಕದ ಗಾಡಿ ಗಂಟೆ ಬಾರಿಸುತ್ತ ಬಂದಾಗ ಉರಿಯಲು ಏನೂ ಉಳಿದಿರಲಿಲ್ಲ. ಪೈಪಿಗೆಂದು ಅಗೆದು ಮುಚ್ಚದೆ ಬಿಟ್ಟ ಹಳ್ಳವನ್ನು ದಾಟಲಾಗದೆ ಅವರು ಸುತ್ತಿ ಬರಬೇಕಾಗಿತ್ತು. ಅವರನ್ನು ನಾನು ದೂರುವುದಿಲ್ಲ. ಬಂದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಹಚ್ಚಿದವರು ಯಾರು? ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಂಘ ಎಂದು ಹೇಳಿದರೆ ಅದು ಯಾರ ತಲೆಗೆ ಬರುತ್ತದೋ. ಆಗ ಪದ್ಮನಾಭ ಅವರು, ಇಲ್ಲಿ ಒಬ್ಬ ಹೆಂಗಸು ಬಯಲಲ್ಲಿ ಸೌದೆ ಒಲೆ ಉರಿಸುತ್ತಾಳೆ ಎಂದರು. ಆ ಮಾತು ಸುಳ್ಳೇನಲ್ಲ. ಇದ್ದ ಒಲೆಯ ವಿಷಯ ಹೇಳಿ, ತಾವು ಹಚ್ಚಿಸಿದ ಬೆಂಕಿಯ ವಿಷಯ ಹೇಳಲಿಲ್ಲ, ಅಷ್ಟೇ.

ಮರುದಿನ ಸಂಜೆ ಸಭೆ. ಅಲ್ಲಿ ಅನಂತಲಕ್ಷ್ಮಿ ಹೇಳಿದ ಮಾತು ಎಲ್ಲವನ್ನೂ ಮುಗಿಸಿತು. ಅವರು ಬೆಂಕಿಯ ಹೊತ್ತಿನಲ್ಲಿ ಮಹಡಿಯ ಮೇಲೆ ನಿಂತಿದ್ದರು. ಒಳಗೆ ಹೊಸದಾಗಿ ಬಂದ ಗ್ಯಾಸ್ ಸಿಲಿಂಡರು, ಹೊರಗೆ ಉರಿ. ಆಗ ಸ್ಪಷ್ಟವಾಗಿ ಕೇಳಿಸಿತು, ದೊಡ್ಡದು ಮಾಡ್ರೋ, ದೊಡ್ಡದು ಮಾಡ್ರೋ ಎಂದು ಆ ಹೆಂಗಸು ಕೂಗುತ್ತಿದ್ದಳು ಎಂದರು. ಅನಂತಲಕ್ಷ್ಮಿ ಸುಳ್ಳು ಹೇಳುವವರಲ್ಲ. ಕೇಳಿಸಿಕೊಂಡದ್ದನ್ನೇ ಹೇಳಿದರು. ಅದರ ಅರ್ಥವನ್ನು ಬ್ಯಾಂಕಿನ ಹುಡುಗರು ಜಗುಲಿಯ ಕೆಳಗೆ ನಿಂತು ಬಿಡಿಸಿ ಹೇಳಿದರು. ಬಾಡಿಗೆದಾರರಿಗೆ ಸಭೆಯಲ್ಲಿ ಮಾತಿಲ್ಲ ಎಂದು ಉತ್ತರ ಬಂತು. ಹೆಂಗಸರಿಗೂ ಇರಲಿಲ್ಲ, ಸಾಕ್ಷಿ ಹೇಳುವುದನ್ನು ಬಿಟ್ಟರೆ. ನಮ್ಮವರು ಸದಸ್ಯರು, ಎದ್ದು ನಿಂತು, ಅವರಿಂದಲೇ ನಮ್ಮ ಮನೆ ಉಳಿದದ್ದು ಎಂದರು. ಅದೆಲ್ಲ ಸರಿ, ಆದರೆ ಹಾಗೆ ಕೂಗಿದ್ದು ನಿಜ ತಾನೇ ಎಂದು ಸಂಘದವರು ಕೇಳಿದರು. ನಿಜ ಎಂದು ಇವರು ಕೂತುಬಿಟ್ಟರು. ಅಲ್ಲಿಗೆ ಆ ಸಾಲು ನಡಾವಳಿಗೆ ಏರಿತು. ಆ ಹೆಂಗಸನ್ನು ತೆಗೆಸಬೇಕೆಂದು ಪಂಚಾಕ್ಷರಿಯವರಿಗೆ ತಿಳಿಸುವುದು ಎಂಬ ನಿರ್ಣಯವೂ ಆಯಿತು.

ಮನೆಗೆ ಬಂದು ನಾನು ಇವರೊಡನೆ ಜಗಳವಾಡಿದೆ. ನಿಜ ಅಂದು ಕೂತ್ರಲ್ಲ, ನಿಂತುಕೊಂಡು ಇನ್ನೊಂದು ವಾಕ್ಯ ಹೇಳಿದ್ದರೆ ಕಾಲು ಮುರೀತಿತ್ತಾ ಎಂದು ಕೇಳಿದೆ. ಇವರು ಮಗುವನ್ನು ಭುಜಕ್ಕೆ ಹಾಕಿಕೊಂಡು ಓಡಾಡಿಸುತ್ತಿದ್ದರು. ಆ ದಿನದ ನನ್ನ ಡೈರಿಯಲ್ಲಿ ಇರುವುದು ಇಷ್ಟೇ: ಪುಟ್ಟಿಗೆ ಕೆಮ್ಮು. ಅಕ್ಕನ ಕೈಗೆ ಬರ್ನಾಲ್. ಮಾತು ಬಿಟ್ಟಿದ್ದೇನೆ.

ಮಾರನೇ ಬೆಳಗ್ಗೆ ಶೆಡ್ಡಿನ ಮುಂದೆ ಡಬ್ಬಿಗಳ ಸಾಲಿನಲ್ಲಿ ಪದ್ಮನಾಭ ಅವರ ಡಬ್ಬಿಯೂ ಎಂದಿನಂತೆ ಬಂದು ಕೂತಿತ್ತು. ನನಗೆ ಆ ಡಬ್ಬಿಯನ್ನು ಒದೆಯಬೇಕೆನಿಸಿತು. ಶಿವಗಂಗಮ್ಮ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ತಟ್ಟುವುದನ್ನು ಕಲಿಯುತ್ತಿದ್ದರು. ರೊಟ್ಟಿ ಮೂಲೆ ಮೂಲೆಯಾಗಿ ಬರುತ್ತಿತ್ತು. ಕರ್ನಾಟಕದ ನಕಾಶೆ ಆತು ನೋಡು ತಂಗಿ ಎಂದು ತೋರಿಸಿ ನಗುತ್ತಿದ್ದರು.

ಮುಂದಿನ ಶನಿವಾರ ಪಂಚಾಕ್ಷರಿ ಬಂದರು. ನನಗೆ ಸಮಾಧಾನವಾಯಿತು. ಅವರೂ ಅಕ್ಕನ ಸೀಮೆಯವರು, ಬಿಡಿಸಿ ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ. ಸೈಟಿನಲ್ಲಿ ಕುರ್ಚಿ ಹಾಕಿದ್ದರು. ಸಂಘದವರು ಸುತ್ತ ನಿಂತಿದ್ದರು. ನಾಲ್ಕಾರು ಹೆಂಗಸರು ನಮ್ಮ ಸುಟ್ಟ ಬೇಲಿಯ ಹತ್ತಿರ ಸೇರಿದ್ದೆವು. ಅನಂತಲಕ್ಷ್ಮಿಯೂ ಇದ್ದರು. ಪದ್ಮನಾಭ ಎಲ್ಲವನ್ನೂ ವಿವರಿಸಿ, ಕೊನೆಗೆ ಆ ಕೂಗಿನ ವಿಷಯಕ್ಕೆ ಬಂದರು. ಪಂಚಾಕ್ಷರಿಯವರ ಮುಖದಲ್ಲಿ ನಗು ಬಂದು ಹೋದದ್ದನ್ನು ನಾನು ನೋಡಿದೆ. ಅವರು ಏನೂ ಹೇಳಲಿಲ್ಲ.

ನನಗೆ ತಡೆಯಲಾಗಲಿಲ್ಲ. ಗಂಡಸರ ಕಡೆ ತಿರುಗಿ ಮಾತಾಡಿದರೆ ಬಾಯಿ ಮುಚ್ಚಿಸುತ್ತಾರೆ; ಅದಕ್ಕೆ ಅನಂತಲಕ್ಷ್ಮಿಯ ಕಡೆ ತಿರುಗಿದೆ.

“ಅನಂತಲಕ್ಷ್ಮಮ್ಮ, ಹೋದ ತಿಂಗಳು ನಲ್ಲಿ ಹತ್ರ ಕೊಡ ತಾಗಿ ನಿಮ್ಮ ಕೈ ಬಳೆ ಏನಾಯ್ತು?”

“ಹೆಚ್ಚಿತು.”

“ಅಂದ್ರೆ? ಎರಡಿದ್ದದ್ದು ನಾಲ್ಕಾಯ್ತಾ?”

“ಏನು ಮಾತು ಅಂಬುಜಾ ಇದು. ಮುತ್ತೈದೆ ಬಾಯಲ್ಲಿ ಬಳೆ ಒ…” ಎಂದವರು ಅಲ್ಲಿಗೇ ನಿಲ್ಲಿಸಿದರು. ಸೆರಗು ಬಾಯಿಗೆ ಬಂತು. ಶಿವಗಂಗಮ್ಮನ ಕಡೆ ನೋಡಿದರು. ಆಮೇಲೆ ಗಂಡನ ಕಡೆ ನೋಡಿ, ಸಣ್ಣ ಧ್ವನಿಯಲ್ಲಿ, “ರೀ, ನಾನು ಕೇಳಿಸಿಕೊಂಡಿದ್ದು ಬೇರೆ, ಅವರು ಹೇಳಿದ್ದು ಬೇರೆ,” ಎಂದರು.

ಅಲ್ಲಿ ನಿಂತಿದ್ದ ಯಾರ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುತ್ತಾರೆ? ಎಲ್ಲರ ಮನೆಯಲ್ಲೂ ಅಕ್ಕಿ ಹೆಚ್ಚುವುದೇ. ಅದು ಎಲ್ಲರಿಗೂ ಹೊಳೆದದ್ದು ಮುಖಗಳಲ್ಲಿ ಕಾಣುತ್ತಿತ್ತು. ಒಂದಿಬ್ಬರು ಕೆಮ್ಮಿದರು. ಪದ್ಮನಾಭ ಅವರಿಗೂ ಹೊಳೆಯಿತು. ನನಗೆ ಹೊಟ್ಟೆಯುರಿ ಬರುವುದು ಅದಕ್ಕೇ. ಗೊತ್ತಿಲ್ಲದೆ ಮಾಡಿದ್ದರೆ ಪಾಪ ಎನ್ನಬಹುದಿತ್ತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಅದೆಲ್ಲ ಹೆಂಗಸರ ಮಾತು, ನಿರ್ಣಯ ಆಗಿಹೋಗಿದೆ ಎಂದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರಂತೆ ಒಂದು ದಾರಿ ತೋರಿಸಿದರು. ತಪ್ಪಾಯ್ತು, ಆರಿಸಿ ಅನ್ನಬೇಕಿತ್ತು, ಬಾಯಿ ತಪ್ಪಿ ದೊಡ್ಡದು ಮಾಡಿ ಅಂದೆ ಎಂದು ಆಕೆ ಎಲ್ಲರೆದುರು ಹೇಳಿಬಿಡಲಿ. ಸಂಘವೂ ಇದನ್ನು ಇಲ್ಲಿಗೇ ಬಿಡುತ್ತದೆ, ಶೆಡ್ಡಿನಲ್ಲಿ ಇದ್ದುಕೊಳ್ಳಲಿ.

ಎಲ್ಲರಿಗೂ ಹಗುರವಾಯಿತು. ಒಂದು ಮಾತು ತಾನೇ. ನಾನೇ ಅಕ್ಕನ ಹತ್ತಿರ ಹೋಗಿ, ಹೇಳಿಬಿಡಿ, ಸೂರು ಉಳಿಯಲಿ ಎಂದೆ. ಈಗ ಹೋದರೆ ಎಲ್ಲಿಗೆ ಹೋಗುತ್ತಾರೆ, ಮೈದುನನ ಮನೆಗೇ?

ಶಿವಗಂಗಮ್ಮ ನೆಲ ನೋಡುತ್ತ ನಿಂತಿದ್ದರು. ಸುಟ್ಟ ಹುಲ್ಲಿನ ಬುಡವನ್ನು ಕಾಲ ಹೆಬ್ಬೆರಳಿನಿಂದ ಕೆದರಿದರು. ಆಮೇಲೆ ತಲೆಯೆತ್ತಿ ಪದ್ಮನಾಭ ಅವರಿಗೇ ನೇರವಾಗಿ ಹೇಳಿದರು.

“ನಾ ಹಚ್ಚಿದ್ದಲ್ಲ ಅಂತ ನಿಮಗ ಗೊತ್ತೈತ್ರಿ. ಇರ್ಲಿ. ಆದ್ರ ಆ ಮಾತು ನನ್ನ ಬಾಯಾಗ ಬರಂಗಿಲ್ಲ. ಗಂಡ ಹೋದ ಮ್ಯಾಲ ನನಗ ಅನ್ನ ಹಾಕಿದ್ದು ಬೆಂಕಿರೀ. ಮನುಷ್ಯಾರಲ್ಲ. ಅದಕ್ಕ ನಾ ಕೆಟ್ಟದ್ದು ಅನ್ನಂಗಿಲ್ಲ.”

ಎಲ್ಲರ ಕಣ್ಣೂ ಪಂಚಾಕ್ಷರಿಯವರ ಮೇಲೆ. ಅವರ ತಾಯಿಯೂ ಹಾಗೆಯೇ ಅನ್ನುತ್ತಿದ್ದಿರಬೇಕು, ಅವರ ಹೆಂಡತಿಯೂ ಈಗ ಹಾಗೆಯೇ ಅನ್ನುತ್ತಿರಬೇಕು. ಒಂದು ಮಾತು ಅವರು ಆಡಿದ್ದರೆ ಆಗಿಹೋಗುತ್ತಿತ್ತು. ಅವರು ಗಡಿಯಾರ ನೋಡಿಕೊಂಡು, ಆ ಶಬ್ದದ ವಿಷಯವೇನೋ ಖರೇ, ಆದರೆ ನಾಳೆ ಇಲ್ಲಿ ಮನೆ ಕಟ್ಟಿ ಎಲ್ಲರೊಡನೆ ಬಾಳಬೇಕು, ನೆರೆಹೊರೆಯವರ ಜೊತೆ ತಂಟೆ ಯಾಕೆ ಬೇಕು, ಯುಗಾದಿಯೊಳಗೆ ಶೆಡ್ಡು ಬಿಡಲಿ ಎಂದರು. ಎದ್ದು ನಿಂತು, ಬರ್ತೀನ್ರೀ ಎಂದು ಎಲ್ಲರಿಗೂ ಕೈಮುಗಿದು ಹೋದರು. ಬರ್ತೀನಿ ಎಂದರೆ ಏನರ್ಥ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆ ಮಾತನ್ನು ಯಾರೂ ನಡಾವಳಿಯಲ್ಲಿ ಬರೆದುಕೊಳ್ಳಲಿಲ್ಲ.

ಮಾತು ಬಿಟ್ಟಿದ್ದರೂ ಅವತ್ತು ಇದೊಂದಕ್ಕೆ ನಾನು ಇವರನ್ನು ಕೂರಿಸಿಕೊಂಡು ಹೇಳಿದೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಆಚೆ ಅಕ್ಕನಿಗೆ ಜಾಗ ಇದೆ. ಗೋಡೆ ಇಟ್ಟಿಗೆಯದು, ಮೇಲೆ ಶೀಟು ಇಳಿಸಿದರೆ ಆಯಿತು. ನಲ್ಲಿ ಪಕ್ಕದಲ್ಲೇ ಇದೆ, ಹುಲ್ಲಿನ ಬಯಲು ಮನೆಯ ಆ ಕಡೆ, ಒಲೆ ಈ ಕಡೆ. ಇದಕ್ಕಿಂತ ಭದ್ರವಾದ ಜಾಗ ಈ ಸಾಲಿನಲ್ಲೇ ಇಲ್ಲ. ನಾನು ಪಾತ್ರೆ ತಿಕ್ಕುವಾಗ ಮಗು ಅವರ ಕಣ್ಣೆದುರು ಇರುತ್ತದೆ. ಇವರು ಯಥಾಪ್ರಕಾರ, ಸಂಘದವರು ಏನನ್ನುತ್ತಾರೋ ಎಂದು ಶುರುಮಾಡಿದರು. ಬೇಲಿ ಸುಟ್ಟು ಹೋದಾಗ ಸಂಘದವರು ಏನಂದರು ಎಂದು ಕೇಳಿದೆ. ಎದ್ದು ಹೋದರು. ಕೋಪ ಬಂತೇನೋ ಅಂದುಕೊಂಡೆ. ಸಂಜೆ ನೋಡಿದರೆ ಪಕ್ಕದ ಸೈಟಿನಿಂದ ಆ ಮೂರು ಒಲೆಗಲ್ಲುಗಳನ್ನು ಒಂದೊಂದಾಗಿ ಹೊಟ್ಟೆಗೆ ಅವುಚಿಕೊಂಡು ತಂದು ಇಡುತ್ತಿದ್ದರು. ಆಫೀಸಿನ ಬಿಳಿ ಷರಟಿನ ತುಂಬ ಮಸಿ. ಒಗೆಯುವವಳು ನಾನೇ. ಆದರೂ ಅವತ್ತು ಮೊದಲಿನಂತೆ ಮಾತು ಶುರುಮಾಡಿದೆ.

ಸಂಘದಿಂದ ಮಾತು ಬಂತು, ಬರದೆ ಇರುತ್ತದೆಯೇ. ಬಡಾವಣೆಯ ಒಳಗೆ ಸೌದೆ ಒಲೆ ಸರಿಯಲ್ಲ ಎಂದರು. ನಿಮ್ಮ ಮನೆಯ ಸ್ನಾನದ ಹಂಡೆ ಯಾವುದರಲ್ಲಿ ಕಾಯುತ್ತದೆ ಎಂದು ಕೇಳಿದೆ. ಆಮೇಲೆ ಬರಲಿಲ್ಲ.

ಯುಗಾದಿಗೆ ಮುಂಚೆ ಒಂದು ಸಂಜೆ. ಅಕ್ಕನ ಬಲಗೈ ಮಾಗುತ್ತ ಬಂದಿತ್ತು, ಹೊಸ ಚರ್ಮ ಪುಟ್ಟಿಯ ಅಂಗಾಲಿನ ಬಣ್ಣದ್ದು. ಡಬ್ಬಿಗಳು ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದವು. ಪದ್ಮನಾಭ ಅವರ ಡಬ್ಬಿ ಮಾತ್ರ ಒಲೆ ಜಾಗ ಬದಲಾಯಿಸಿದ ಮೇಲೆ ಬಂದಿರಲಿಲ್ಲ. ಅವತ್ತು ಅದನ್ನು ಹಿಡಿದುಕೊಂಡು ಅನಂತಲಕ್ಷ್ಮಿಯೇ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ನಮ್ಮ ಯಜಮಾನರಿಗೆ ಸಕ್ಕರೆ ಏರಿದೆ ಎಂದರು. ನಾನು ಬಾಯಿ ತೆರೆದಿದ್ದೆ. ಏನು ಹೇಳಬೇಕೆಂದು ವಾರಗಳಿಂದ ಜೋಡಿಸಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಕಾವಲಿನ ಕಡೆಯಿಂದ ಗಾಳಿ ಎದ್ದಿತು. ಒಲೆಯ ಉರಿ ಒಮ್ಮೆ ಪಕ್ಕಕ್ಕೆ ವಾಲಿ, ಎರಡು ಕಿಡಿ ಹಾರಿದವು. ಮೂವರೂ ಬೆಚ್ಚಿದೆವು. ಈಗ ಬಡಾವಣೆಯಲ್ಲಿ ಕಿಡಿ ಕಂಡರೆ ಬೆಚ್ಚದವರು ಇಲ್ಲ.

ಅನಂತಲಕ್ಷ್ಮಿ ಒಂದು ಹೆಜ್ಜೆ ಮುಂದೆ ಬಂದರು. ಡಬ್ಬಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು.

“ಗಾಳಿ ಬರ್ತಾ ಇದೆ ಶಿವಗಂಗಮ್ಮ,” ಎಂದರು. “ಒಲೆ… ದೊಡ್ಡದು ಮಾಡಿಬಿಡಿ.”

ಶಿವಗಂಗಮ್ಮ ಒಲೆಯಿಂದ ಕಣ್ಣೆತ್ತಿ ಅವರನ್ನು ನೋಡಿದರು.

“ಮಾಡ್ತೇನ್ರೀ ಅವ್ವಾರ,” ಎಂದರು. “ನಿಮ್ಮ ಯಜಮಾನ್ರವು ನಾಕು ರೊಟ್ಟಿ ಹಂಚಿನ ಮ್ಯಾಲ ಬರಬೇಕು ಇನ್ನ. ಅವಾದ ಮ್ಯಾಲ ಮಾಡ್ತೇನಿ.”

ಅನಂತಲಕ್ಷ್ಮಿ ಒಗೆಯುವ ಕಲ್ಲಿನ ಮೇಲೆ ಕೂತು ಕಾದರು. ನಾಲ್ಕು ರೊಟ್ಟಿ ಆದವು. ಆಮೇಲೆ ಅಕ್ಕ ಹೇಳಿದಂತೆ ನಾನು ಚೊಂಬಿನ ನೀರು ಚಿಮುಕಿಸಿ ಒಲೆ ದೊಡ್ಡದು ಮಾಡಿದೆ.

ಈಗ ಮತ್ತೆ ಮಾಘ. ಸುಟ್ಟ ಪಟ್ಟಿಯಲ್ಲಿ ಹುಲ್ಲು ಮೊದಲಿಗಿಂತ ದಟ್ಟವಾಗಿ ಬೆಳೆದು ಹಳದಿಯಾಗಿದೆ. ಟ್ರಂಕು ಹಿತ್ತಿಲ ಬಾಗಿಲಿಗೆ ಬಂದು ಕೂತಿದೆ. ಪಂಚಾಕ್ಷರಿಯವರ ಸೈಟಿನಲ್ಲಿ ಯಾರೋ ಮೂರು ಕಡೆ ಗೂಟ ಹೊಡೆದು ಹಗ್ಗ ಕಟ್ಟಿದ್ದಾರೆ. ಅವರಿಗೆ ತಿಳಿಸುವ ಗೋಜಿಗೆ ನಾನು ಹೋಗಿಲ್ಲ. ಸಂಘದ ನೋಟೀಸು ಬಂದಿದೆ: ಬರುವ ಭಾನುವಾರ ಹುಲ್ಲು ಸುಡುವ ವಿಚಾರ. ಈ ಸಲ ಸಭೆಗೆ ನಾನೂ ಅನಂತಲಕ್ಷ್ಮಿಯೂ ಹೋಗುತ್ತೇವೆ. ಕರೆದಿಲ್ಲ, ಆದರೂ ಹೋಗುತ್ತೇವೆ. ಸುಡುವುದಾದರೆ ಬೆಳಗಿನ ಇಬ್ಬನಿ ಇರುವಾಗ, ಎಲ್ಲರೂ ಒದ್ದೆ ಗೋಣಿ ಹಿಡಿದು ನಿಂತ ಮೇಲೆ. ಊಟಕ್ಕೆ ಹೋಗುವವರು ಅದು ಪೂರ್ತಿ ದೊಡ್ಡದಾದ ಮೇಲೆ ಹೋಗಲಿ. ಈ ಮಾತಿನ ಅರ್ಥ ಗೊತ್ತಾಗಲಿಲ್ಲ ಎಂದು ಪದ್ಮನಾಭ ಅವರು ಈ ಸಲ ಹೇಳಲಾರರು.